ಗಿಬ್ಸ್, ಕೆಲ್ಲಿ, ಇಂಗಲ್ಸ್: ಸಣ್ಣ ಮಕ್ಕಳಿಗೆ ಯಾವುದು ಒಳ್ಳೆಯದು?

ಆರು ವರ್ಷದ ಮಗಳು, ಮೂರು ವರ್ಷದ ಮಗ, ಹಾಸನದಿಂದ ಬಂದಿದ್ದ ನಮ್ಮತ್ತೆ. ಇವರನ್ನು ಕರೆದುಕೊಂಡು ಅಮೆರಿಕದ ಮಿನ್ನೆಸೋಟಾ ರಾಜ್ಯದ ಮಿನಿಯಾಪೊಲಿಸ್‌ನಿಂದ ಗಿಬ್ಸ್, ಕೆಲ್ಲಿ, ಇಂಗಲ್ಸ್ ಎಂಬ ಮೂರು ಹಳೇ ಕಾಲದ ಜಮೀನುಗಳಿಗೆ ಹೋಗಿ ಬಂದೆವು. ಮೂರರಲ್ಲೂ 19ನೇ ಶತಮಾನದ ವಲಸಿಗ ರೈತರ ಬದುಕು ನೋಡಬಹುದು. ಆದರೆ ನಾನು ನೋಡಿದ್ದು ಒಂದೇ: ಮಕ್ಕಳ ಕೈಗೆ ಕೆಲಸ ಸಿಗುತ್ತದಾ? ಸುಮ್ನೆ ನಿಂತು ನೋಡು ಅಂದರೆ ಈ ವಯಸ್ಸಿನವರು ಹತ್ತು ನಿಮಿಷಕ್ಕೆ ರಗಳೆ ತೆಗೆಯುತ್ತಾರೆ, ಅಲ್ವಾ?

ಹತ್ತಿರದ್ದು ಗಿಬ್ಸ್ ಫಾರ್ಮ್, ಸೇಂಟ್ ಪಾಲ್ ಪಕ್ಕದ ಫಾಲ್ಕನ್ ಹೈಟ್ಸ್‌ನಲ್ಲಿದೆ. ಜಾಗ ಚಿಕ್ಕದು, ಹಾಗಾಗಿ ಮಗ ಎತ್ತಿಕೋ ಅನ್ನದೆ ಪೂರ್ತಿ ಸುತ್ತಿದ. 1849ರಲ್ಲಿ ಈ ಜಮೀನು ಕೊಂಡ ಗಿಬ್ಸ್ ದಂಪತಿ ಮೊದಲು ಹುಲ್ಲಿನ ಬೇರು ಹಿಡಿದ ಮಣ್ಣಿನ ಹೆಂಟೆಗಳ ಗುಡಿಸಿಲಿನಲ್ಲಿದ್ದರು. ಅಂಥದ್ದೇ ಒಂದನ್ನು ಈಗ ಮತ್ತೆ ಕಟ್ಟಿದ್ದಾರೆ. ಮನೆಯೊಡತಿ ಜೇನ್ ಚಿಕ್ಕಂದಿನಲ್ಲಿ ಇಲ್ಲಿನ ಮೂಲನಿವಾಸಿಗಳಾದ ಡಕೋಟಾ ಜನರ ನಡುವೆ ಬೆಳೆದವರು. ಆದ್ದರಿಂದ ಡಕೋಟಾ ಟೀಪಿಗಳು (ಶಂಕುವಿನಾಕಾರದ ಡೇರೆಗಳು), ಮರದ ತೊಗಟೆಯ ಮನೆ ಕೂಡ ಅಲ್ಲೇ ಇವೆ. "ಮೊದಲು ಇಲ್ಲಿ ಯಾರಿದ್ದರು?" ಅಂತ ಮಗಳು ಕೇಳಿದಾಗ ಉತ್ತರ ಕಣ್ಣೆದುರೇ ಇತ್ತು.

ಎಲ್ಕ್ ರಿವರ್‌ನ ಕೆಲ್ಲಿ ಫಾರ್ಮ್ ಇನ್ನೂ ಸ್ವಲ್ಪ ದೂರ. 1867ರಲ್ಲಿ ಗ್ರೇಂಜ್ ಎಂಬ ರೈತ ಸಂಘ ಕಟ್ಟಿದವರಲ್ಲಿ ಮುಖ್ಯರಾದ ಆಲಿವರ್ ಕೆಲ್ಲಿಯವರ ಜಮೀನು ಇದು. ಇಲ್ಲಿ ಬೇಸಾಯ ನಡೆಯುತ್ತದೆ. ಎತ್ತು, ಕುರಿ, ಹಂದಿ, ಕೋಳಿ ಎಲ್ಲ ಇವೆ. ಮಗ ಎತ್ತುಗಳ ಮುಂದಿನಿಂದ ಕದಲಲೇ ಇಲ್ಲ. ನಮ್ಮತ್ತೆ ನೊಗ, ನೇಗಿಲು ಎಲ್ಲ ಮುಟ್ಟಿ ನೋಡಿ, "ಇಷ್ಟು ಭಾರದ್ದನ್ನ ನಮ್ಮ ಹಳ್ಳಿಕಾರ್‌ಗೆ ಹೂಡೋಕಾಗಲ್ಲಪ್ಪ" ಅಂದರು. ಮಕ್ಕಳಿಗೆ ಏನು ಕೆಲಸ ಸಿಗುತ್ತದೆ ಅನ್ನುವುದು ಮಾತ್ರ ಆಯಾ ಕಾಲದ ಬೆಳೆಯ ಮೇಲೆ ನಿಂತಿದೆ. ಹೋಗುವ ಮೊದಲು ವಿಚಾರಿಸಿ.

ಇನ್ನು ಸೌತ್ ಡಕೋಟಾದ ಡಿ ಸ್ಮೆಟ್ ಊರಿನ ಇಂಗಲ್ಸ್ ಹೋಮ್‌ಸ್ಟೆಡ್. ನಾಲ್ಕು ಗಂಟೆಗೂ ಜಾಸ್ತಿ ದಾರಿ, ಆದರೂ ನನ್ನ ಮೊದಲ ಆಯ್ಕೆ ಇದೇ. 1862ರ ಹೋಮ್‌ಸ್ಟೆಡ್ ಕಾಯ್ದೆಯ ಪ್ರಕಾರ ಐದು ವರ್ಷ ಅಲ್ಲೇ ಇದ್ದು ಉಳುಮೆ ಮಾಡಿದವರಿಗೆ 160 ಎಕರೆ ಹೆಚ್ಚುಕಮ್ಮಿ ಪುಕ್ಕಟೆ ಸಿಗುತ್ತಿತ್ತು. 'ಲಿಟಲ್ ಹೌಸ್' ಮಕ್ಕಳ ಪುಸ್ತಕಗಳನ್ನು ಬರೆದ ಲಾರಾ ಇಂಗಲ್ಸ್ ವೈಲ್ಡರ್ ಅವರ ತಂದೆ ಚಾರ್ಲ್ಸ್ ಇಂಗಲ್ಸ್ 1880ರಲ್ಲಿ ಹಾಗೆ ಹಿಡಿದ ಜಮೀನು ಇದು. ಅವರು ನೆಟ್ಟ ಕಾಟನ್‌ವುಡ್ ಮರಗಳು ಇನ್ನೂ ಇವೆ.

ಇಲ್ಲಿ ಕಮಾನು ಗಾಡಿಯ ಕುದುರೆಗಳ ಲಗಾಮನ್ನು ಮಕ್ಕಳ ಕೈಗೇ ಕೊಡುತ್ತಾರೆ. ಪಕ್ಕದಲ್ಲಿ ಗಾಡಿಯವರು ಇರುತ್ತಾರೆ, ಭಯ ಬೇಡ. ಗಾಡಿ ಹೋಗಿ ನಿಲ್ಲುವುದು ಒಂದೇ ಕೋಣೆಯ ಶಾಲೆಯ ಮುಂದೆ. ಮುಸುಕಿನ ಜೋಳದ ದಿಂಡಿನಲ್ಲಿ ಗೊಂಬೆ ಮಾಡಬಹುದು, ಹಗ್ಗ ಹೊಸೆಯಬಹುದು, ಉಜ್ಜುವ ಹಲಗೆಯ ಮೇಲೆ ಬಟ್ಟೆ ಒಗೆಯಬಹುದು. ಮಗ ಒಂದೇ ಕರವಸ್ತ್ರವನ್ನು ಮತ್ತೆ ಮತ್ತೆ ಒಗೆದ.

ಮಗಳಿಗೆ ಹಿಡಿಸಿದ್ದು ಹುಲ್ಲು ತಿರುಚುವ ಕೆಲಸ. ಉದ್ದನೆಯ ಒಣಹುಲ್ಲಿನ ಹಿಡಿಯನ್ನು ಬಿಗಿಯಾಗಿ ತಿರುಚುತ್ತಾ ಹೋದರೆ ಅದು ತಾನಾಗಿ ಮಡಚಿಕೊಳ್ಳುತ್ತದೆ. ತುದಿಯನ್ನು ಒಳಗೆ ಸಿಕ್ಕಿಸಿದರೆ ಒಂದು ಗಟ್ಟಿ ಕಟ್ಟಿಗೆ ತಯಾರು. 1880-81ರ ಚಳಿಗಾಲದಲ್ಲಿ ಹಿಮ ಬಿದ್ದು ರೈಲು ನಿಂತಿತು, ಕಲ್ಲಿದ್ದಲು ಮುಗಿಯಿತು. ಬಯಲಿನಲ್ಲಿ ಸೌದೆಗೆ ಮರವಿಲ್ಲ. ಇಂಗಲ್ಸ್ ಮನೆಯವರು ಈ ಹುಲ್ಲಿನ ಕಟ್ಟಿಗೆಯನ್ನೇ ಉರಿಸಿ, ಕಾಫಿ ಬೀಜ ಪುಡಿ ಮಾಡುವ ಗಿರಣಿಯಲ್ಲಿ ಗೋಧಿ ಬೀಸಿ ಬದುಕಿದರು. ನಾವೂ ಗೋಧಿ ಬೀಸಿದೆವು. ಅಷ್ಟು ಹೊತ್ತು ತಿರುಗಿಸಿದರೂ ಬಂದ ಹಿಟ್ಟು ಒಂದು ರೊಟ್ಟಿಗೂ ಸಾಲದು. "ಅವರಿಗೆ ಹೊಟ್ಟೆ ತುಂಬ್ತಿತ್ತಾ?" ಅಂತ ಮಗಳು ಕೇಳಿದಳು. ನೋಡಿಕೊಂಡು ಸುಮ್ಮನೆ ಬಂದಿದ್ದರೆ ಆ ಪ್ರಶ್ನೆ ಬರುತ್ತಿರಲಿಲ್ಲ.

ಹಾಗಂತ ನೇರವಾಗಿ ಡಿ ಸ್ಮೆಟ್‌ಗೆ ಹೋಗಬೇಡಿ. ಮೊದಲು ಗಿಬ್ಸ್ ತೋರಿಸಿ. ಅಮೆರಿಕ ಸರ್ಕಾರಕ್ಕೂ ಡಕೋಟಾ ಜನರಿಗೂ ನಡೆದ 1862ರ ಯುದ್ಧದ ಮರುವರ್ಷ ಡಕೋಟಾ ಜನರನ್ನು ಮಿನ್ನೆಸೋಟಾದಿಂದ ಹೊರಹಾಕಿದರು. ಪುಕ್ಕಟೆ ಸಿಕ್ಕ ನೆಲ ಖಾಲಿ ನೆಲವಲ್ಲ ಅನ್ನುವುದು ಮಕ್ಕಳಿಗೆ ಮೊದಲೇ ಗೊತ್ತಿರಲಿ. ಮೂರು ವರ್ಷದೊಳಗಿನ ಮಗು ಮಾತ್ರ ಇದ್ದರೆ ದೂರದ ದಾರಿ ಬೇಡ, ಕೆಲ್ಲಿಯ ಎತ್ತುಗಳೇ ಸಾಕು.

ಡಿ ಸ್ಮೆಟ್‌ಗೆ ಬೇಸಿಗೆಯಲ್ಲೇ ಹೋಗಿ. ಬಯಲಿನಲ್ಲಿ ನೆರಳು ಕಡಿಮೆ, ಟೋಪಿ, ನೀರು ಇರಲಿ. ಕಮಾನು ಗಾಡಿಯಲ್ಲೇ ರಾತ್ರಿ ಮಲಗುವ ವ್ಯವಸ್ಥೆಯೂ ಇದೆ, ಮೊದಲೇ ಬುಕ್ ಮಾಡಿ. ರಾತ್ರಿ ಗಾಳಿ ಜೋರು, ಮಕ್ಕಳಿಗೆ ಸ್ವೆಟರ್ ಮರೆಯಬೇಡಿ.