ಮಧ್ಯಾಹ್ನ ಮಾತ್ರ ತಪ್ಪುವ ರ‍್ಯಾಮ್: ಮೂರು ಪರೀಕ್ಷೆಗಳ ಹೋಲಿಕೆ

ನನ್ನ ವರ್ಕ್‌ಸ್ಟೇಷನ್‌ಗೆ ಈಗ ಹನ್ನೆರಡು ವರ್ಷ. ಡಿಡಿಆರ್3 ಎಂಬ ಹಳೆಯ ತಲೆಮಾರಿನ ಮೆಮೊರಿಯ ಕಾಲದ ಯಂತ್ರ. ನಾಲ್ಕು ಜಿಬಿಯ ನಾಲ್ಕು ಸ್ಟಿಕ್‌ಗಳು. ಇಸಿಸಿ ಮಾದರಿಯ ರ‍್ಯಾಮ್ ಅಲ್ಲ. ಆಗಿದ್ದರೆ ಪ್ರತಿ 64 ಬಿಟ್‌ಗೆ 8 ಕಾವಲು ಬಿಟ್‌ಗಳಿದ್ದು, ಒಂಟಿ ಬಿಟ್ ತಪ್ಪಿದರೆ ಯಂತ್ರವೇ ತಿದ್ದಿಕೊಂಡು ಲಾಗ್‌ನಲ್ಲಿ ಗುರುತು ಬಿಡುತ್ತಿತ್ತು. ಕೊಳ್ಳುವಾಗ ಆ ದುಡ್ಡು ಉಳಿಸಿದವನು ನಾನೇ.

ಕಾಟ ಶುರುವಾದದ್ದು ಮಾರ್ಚ್‌ನಲ್ಲಿ. ಬೆಳಿಗ್ಗೆ ಎಲ್ಲ ಸರಿ. ಊಟವಾದ ಮೇಲೆ ಜಿಪ್ ಕಡತ ತೆರೆಯುವುದಿಲ್ಲ. ಇನ್ನೊಮ್ಮೆ ಒತ್ತಿದರೆ ತೆರೆಯುತ್ತದೆ. ಮೊದಲು ಡಿಸ್ಕ್ ಮೇಲೆ ಅನುಮಾನಪಟ್ಟು ಹೊಸ ಕೇಬಲ್ ತಂದೆ, ದಂಡ. ಕೊನೆಗೆ ಲಿನಕ್ಸ್‌ನಲ್ಲಿ 40 ಜಿಬಿಯ ಒಂದೇ ಕಡತಕ್ಕೆ ಮೂರು ಸಲ ಚೆಕ್‌ಸಮ್ ಲೆಕ್ಕ ಹಾಕಿಸಿದೆ. ಕಡತದ ಒಳಗಿರುವುದರಿಂದ ಲೆಕ್ಕ ಹಾಕಿ ತೆಗೆಯುವ ಆ ಸಂಖ್ಯೆ, ಕಡತ ಬದಲಾಗದಿದ್ದರೆ ಬದಲಾಗಬಾರದು. ಮೂರು ಸಲಕ್ಕೆ ಎರಡು ಬಗೆಯ ಉತ್ತರ! ಡಿಸ್ಕ್‌ನ ಆರೋಗ್ಯ ವರದಿಯಲ್ಲಿ ಒಂದು ಕಲೆಯೂ ಇರಲಿಲ್ಲ.

ವಿಂಡೋಸ್‌ನೊಳಗೇ ಇರುವ ಮೆಮೊರಿ ಡಯಾಗ್ನಾಸ್ಟಿಕ್ ಅನ್ನು ಮೊದಲು ಓಡಿಸಿದೆ. ಏನನ್ನೂ ಇಳಿಸಿಕೊಳ್ಳಬೇಕಿಲ್ಲ ಎಂಬುದೇ ಅದರ ದೊಡ್ಡ ಗುಣ. ಎಫ್1 ಒತ್ತಿದರೆ ವಿಸ್ತೃತ ಪರೀಕ್ಷೆಯೂ ಸಿಗುತ್ತದೆ. ಅದನ್ನು ನಾನು ತಿಳಿದದ್ದು ತಡವಾಗಿ. ಮಾಮೂಲು ಪರೀಕ್ಷೆಯಲ್ಲಿ ದೋಷ ಕಾಣಲಿಲ್ಲ.

ಮೆಮ್‌ಟೆಸ್ಟ್86+ ಹೆಚ್ಚು ಹಟಮಾರಿ. ಪೆನ್‌ಡ್ರೈವ್‌ನಿಂದ ನೇರ ಶುರುವಾಗುವುದರಿಂದ ಕಾರ್ಯಾಚರಣ ವ್ಯವಸ್ಥೆ ಹಿಡಿದಿಟ್ಟುಕೊಳ್ಳುವ ಜಾಗವನ್ನೂ ತಡಕುತ್ತದೆ. 2022ರಲ್ಲಿ ಬಂದ ಆರನೇ ಆವೃತ್ತಿಯಿಂದ ಯುಇಎಫ್ಐ, ಅಂದರೆ ಬಯೋಸ್ ಬದಲಿಗೆ ಬಂದ ಹೊಸ ಬಗೆಯ ಆರಂಭ ತಂತ್ರಾಂಶ ಇರುವ ಯಂತ್ರಗಳಲ್ಲೂ ಓಡುತ್ತದೆ. ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ನೋಡಿದರೆ ಸೊನ್ನೆ ತಪ್ಪು.

ಇನ್ನೇನು ಸ್ಟಿಕ್‌ಗಳಿಗೆ ನಿರ್ದೋಷಿ ಪಟ್ಟ ಕಟ್ಟಬೇಕು ಎನ್ನುವಾಗ, ಗೂಗಲ್‌ನವರು ಮುಕ್ತವಾಗಿ ಕೊಟ್ಟಿರುವ ಸ್ಟ್ರೆಸ್‌ಆಪ್‌ಟೆಸ್ಟ್ ಅನ್ನು ಲಿನಕ್ಸ್‌ನಲ್ಲಿ ಮಧ್ಯಾಹ್ನ ಎರಡಕ್ಕೆ ಶುರು ಮಾಡಿದೆ. ನಲವತ್ತೇ ನಿಮಿಷ, ಬರೆದದ್ದಕ್ಕೂ ಓದಿದ್ದಕ್ಕೂ ತಾಳೆಯಿಲ್ಲವೆಂಬ ಸಾಲುಗಳು ಪರದೆ ತುಂಬಾ. ಎಲ್ಲ ಕೋರ್‌ಗಳೂ ಮೆಮೊರಿಯಲ್ಲಿ ಒಟ್ಟಿಗೆ ನಕಲು ಮಾಡುತ್ತಿದ್ದವು, ಜೊತೆಗೆ ಡಿಸ್ಕ್‌ಗೂ ಕೆಲಸ ಕೊಟ್ಟಿದ್ದೆ; ಪೆಟ್ಟಿಗೆ ಮುಟ್ಟಿದರೆ ಬಿಸಿ. ಹಿಂದಿನ ರಾತ್ರಿಯ ಪರೀಕ್ಷೆಯಲ್ಲಿ ಡಿಸ್ಕ್‌ಗೂ ಗ್ರಾಫಿಕ್ಸ್ ಕಾರ್ಡಿಗೂ ಕೆಲಸವಿರಲಿಲ್ಲ, ಕೋಣೆಯೂ ತಂಪಾಗಿತ್ತು. ಯಂತ್ರ ಆ ಬಿಸಿಯಲ್ಲಿರುವಾಗಲೇ ಮೆಮ್‌ಟೆಸ್ಟ್86+ ಓಡಿಸಿದೆ. ಎರಡನೇ ಸುತ್ತಿನಲ್ಲಿ ಅದೂ ಕೆಂಪು ಸಾಲು ತೋರಿಸಿತು. ಹಾಗಾಗಿ ಅದರ ಮೇಲೆ ನನಗೆ ಮುನಿಸಿಲ್ಲ. ಆದರೂ ಬಿಟ್ಟುಬಿಟ್ಟು ಬರುವ ತೊಂದರೆಗೆ ನಾನು ಮೊದಲು ಕೈ ಹಾಕುವುದು ಸ್ಟ್ರೆಸ್‌ಆಪ್‌ಟೆಸ್ಟ್‌ಗೇ. ಕಡತಗಳ ನಕಲು ಬೇರೆ ಕಡೆ ಇಟ್ಟುಕೊಂಡಿರಬೇಕು, ಅಷ್ಟೇ. ತಪ್ಪುವ ಮೆಮೊರಿಯಿಂದ ಡಿಸ್ಕ್‌ಗೆ ಬರೆಯುವ ಪ್ರತಿ ಬೈಟೂ ಜೂಜು.

ಯಾವ ಸ್ಟಿಕ್ ಎಂಬುದನ್ನು ಮಾತ್ರ ಈ ಮೂರೂ ಹೇಳಲಿಲ್ಲ. ಎರಡು ಚಾನೆಲ್‌ಗಳಲ್ಲಿ (ಪ್ರೊಸೆಸರ್ ಮತ್ತು ಮೆಮೊರಿಯ ನಡುವಿನ ದಾರಿಗಳಲ್ಲಿ) ವಿಳಾಸಗಳು ಹೆಣೆದುಕೊಂಡಿರುವಾಗ ತಪ್ಪಿದ ವಿಳಾಸ ನೋಡಿ ಸ್ಟಿಕ್ ಗುರುತಿಸುವುದು ಕಷ್ಟ. ಒಂದೊಂದನ್ನೇ ಕಿತ್ತು, ಬಿಸಿ ಮಾಡಿ, ಓಡಿಸಿ ನೋಡಲು ಎರಡು ಭಾನುವಾರ ಹಿಡಿಯಿತು. ಎರಡನೇ ಸ್ಲಾಟ್‌ನಲ್ಲಿ ಯಾವ ಸ್ಟಿಕ್ ಹಾಕಿದರೂ ತಪ್ಪು; ಅದೇ ಸ್ಟಿಕ್ ಬೇರೆ ಸ್ಲಾಟ್‌ನಲ್ಲಿ ಸಾಧು. ಗಾಳಿ ಊದಿ, ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿದ ಮೇಲೆ ಮೂರು ವಾರ ಸುಮ್ಮನಿತ್ತು, ಮತ್ತೆ ಶುರುವಾಯಿತು. ಈಗ ಆ ಸ್ಲಾಟ್‌ಗೆ ಪಟ್ಟಿ ಅಂಟಿಸಿದ್ದೇನೆ. ಹನ್ನೆರಡು ಜಿಬಿಯಲ್ಲಿ ಕೆಲಸ ನಡೆದಿದೆ. 40 ಜಿಬಿಯ ಆ ಕಡತದ ಚೆಕ್‌ಸಮ್ ಮಧ್ಯಾಹ್ನ ಮೂರಕ್ಕೂ ಬದಲಾಗುತ್ತಿಲ್ಲ.