ರಿಫ್ರೆಶರ್ ಕೋರ್ಸೋ, ಸ್ವಯಂ ಕೋರ್ಸೋ? ಕಾಸರಗೋಡಿನ ಕನ್ನಡ ಅಧ್ಯಾಪಕರಿಗೆ

ಬಡ್ತಿಗೆ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮದಲ್ಲಿ ಎರಡಕ್ಕೂ ಜಾಗವಿದೆ. ಆದರೂ ಸೇರುವ ಮೊದಲೇ ಕಾಲೇಜು ಕಚೇರಿಯಲ್ಲಿ ವಿಚಾರಿಸಿಕೊಳ್ಳಿ.

ರಿಫ್ರೆಶರ್ ಎಂದರೆ ಅಧ್ಯಾಪಕರಿಗೆ ನಡೆಸುವ ಎರಡು ವಾರದ ತರಬೇತಿ. ಮೈಸೂರಿಗೋ ಕಲ್ಲಿಕೋಟೆಗೋ ಹೋಗಿ ಕೂರುವುದಾದರೆ ರಜೆ, ವಸತಿ, ಬದಲಿ ಪಾಠ ಎಲ್ಲವನ್ನೂ ಹೊಂದಿಸಬೇಕು. ಕೇಂದ್ರ ಸರ್ಕಾರದ ಆನ್‌ಲೈನ್ ಕಲಿಕಾ ತಾಣವಾದ ‘ಸ್ವಯಂ’ನ ಕೋರ್ಸನ್ನು ಮನೆಯಲ್ಲೇ ಉಚಿತವಾಗಿ ಕಲಿಯಬಹುದು; ಪ್ರಮಾಣಪತ್ರಕ್ಕೆ ಮಾತ್ರ ಶುಲ್ಕ ಕಟ್ಟಿ ಪರೀಕ್ಷೆ ಬರೆಯಬೇಕು. ಪರೀಕ್ಷೆಗೆ ಪ್ರತ್ಯೇಕ ನೋಂದಣಿ ಇದೆ, ಕಲಿಯುವವರು ಎಡವುವುದು ಅಲ್ಲೇ.

ಸಂಶೋಧನಾ ಪ್ರಬಂಧ ಬರೆಯಲು ನೆರವು ಬೇಕೆಂದರೆ ನನ್ನ ಒಲವು ರಿಫ್ರೆಶರ್ ಕಡೆಗೆ. ಬದಿಯಡ್ಕದ ಆಡುನುಡಿಯ ಬಗ್ಗೆ ಬರೆಯುತ್ತೀರಿ ಎನ್ನಿ. ಧ್ವನಿಮುದ್ರಣದ ದಿನಾಂಕ, ಸ್ಥಳ, ಮಾತಾಡಿದವರ ವಯಸ್ಸು, ಮನೆಮಾತು ದಾಖಲಾಗಿಲ್ಲದಿದ್ದರೆ ಉದಾಹರಣೆಗಳು ಆಧಾರವಾಗಿ ನಿಲ್ಲವು. ಸಾರಲೇಖದಲ್ಲಿ ವಿಷಯದ ಹೆಸರಷ್ಟೇ ಇದ್ದು ವಾದ ಇಲ್ಲದಿರುವುದು ಇನ್ನೊಂದು ಸಾಮಾನ್ಯ ಕೊರತೆ. ಎದುರು ಕೂತ ಸಹೋದ್ಯೋಗಿ ಇದನ್ನು ಕೂಡಲೇ ಹಿಡಿಯುತ್ತಾರೆ, ವಿಡಿಯೋ ಹಿಡಿಯದು.

ಚಿಕ್ಕ ಮಕ್ಕಳಿರುವವರಿಗೆ, ಅತಿಥಿ ಉಪನ್ಯಾಸಕರಿಗೆ, ಸಂಶೋಧನಾ ವಿಧಾನದ ಬುನಾದಿಯಷ್ಟೇ ಬೇಕಾದವರಿಗೆ ಸ್ವಯಂ ಒಳ್ಳೆಯದು. ಪ್ರಬಂಧದ ಕರಡು ಕೈಯಲ್ಲಿದ್ದರೆ ರಿಫ್ರೆಶರ್‌ಗೆ ಅದನ್ನೇ ಒಯ್ಯಿರಿ. ಯುಜಿಸಿ ಒಪ್ಪಿದ ಸಂಶೋಧನಾ ಪತ್ರಿಕೆಗಳ ‘ಯುಜಿಸಿ-ಕೇರ್’ ಪಟ್ಟಿ 2025ರಲ್ಲಿ ನಿಂತುಹೋಗಿರುವುದರಿಂದ ಪತ್ರಿಕೆಯ ಸಂಪಾದಕ ಮಂಡಳಿ, ಹಳೆಯ ಸಂಚಿಕೆ, ಪರಿಶೀಲನಾ ಕ್ರಮವನ್ನು ನೀವೇ ನೋಡಿ ಪ್ರಬಂಧ ಕಳಿಸಬೇಕು.