ಕೋಳಿ, ಕುರಿ, ಕ್ವೇಲ್: ಮಂಡಕ್ಕಿಯ ಹೊಟ್ಟೆಗೆ ಒಗ್ಗಿದ್ದು ಯಾವುದು

ನಮ್ಮ ಮನೆಯಲ್ಲಿ ಎರಡು ಬೆಕ್ಕು. ಗುಂಡ, ಮಂಡಕ್ಕಿ. ಎರಡೂ ಹಸಿ ಮಾಂಸಕ್ಕೆ ಒಗ್ಗಿಕೊಂಡಿದ್ದವು. ಗುಂಡನಿಗೆ ಏನು ಹಾಕಿದರೂ ಅರಗುತ್ತದೆ, ಅವನ ಬಗ್ಗೆ ಬರೆಯಲು ಏನೂ ಇಲ್ಲ. ತಕರಾರೆಲ್ಲ ಮಂಡಕ್ಕಿಯದು. ತಿಂದ ಸ್ವಲ್ಪ ಹೊತ್ತಿಗೆ ವಾಂತಿ, ಲೋಳೆ ಸೇರಿದ ತೆಳು ಕಕ್ಕ, ಸಾಲದ್ದಕ್ಕೆ ಕಿವಿ ಹಿಂದೆ ಕೆರೆದು ಕೆರೆದು ಗಾಯ. ಕೋಳಿ, ಕುರಿ, ಕ್ವೇಲ್ ಅನ್ನುವ ಸಣ್ಣ ಹಕ್ಕಿ, ಮೂರನ್ನೂ ಅವಳಿಗೆ ಹಾಕಿ ನೋಡಿದ್ದಾಗಿದೆ. ತೀರ್ಪು ಮೊದಲೇ ಹೇಳಿಬಿಡುತ್ತೇನೆ: ಕುರಿ ಗೆದ್ದಿತು, ಕ್ವೇಲ್ ಎರಡನೆಯದು, ಕೋಳಿ ಅವಳಿಗೆ ಆಗುವುದೇ ಇಲ್ಲ. ಹಾಗಂತ ನಾಳೆ ಬೆಳಿಗ್ಗೆಯೇ ಮಟನ್ ಅಂಗಡಿಗೆ ಓಡಬೇಡಿ. ಹೊಟ್ಟೆ ಕೆಟ್ಟಿದ್ದೆಲ್ಲ ಅಲರ್ಜಿ ಅಲ್ಲ.

ಮೊದಲು ಕಕ್ಕದ ಸ್ಯಾಂಪಲ್ ಪಶುವೈದ್ಯರಿಗೆ ಕೊಟ್ಟು ಹುಳು, ಜಿಯಾರ್ಡಿಯಾ ಅನ್ನುವ ಕರುಳಿನ ಪರಾವಲಂಬಿ ಇದೆಯಾ ನೋಡಿಸಿ. ಅದು ಇದ್ದರೆ ಮಾಂಸ ಎಷ್ಟು ಬದಲಾಯಿಸಿದರೂ ದಂಡ. ಆಮೇಲೆ ಮರಳಿನ ಟ್ರೇ ನೋಡಿ. ಮೂಳೆ ಜಾಸ್ತಿಯಾದರೆ ಕಕ್ಕ ಬೆಳ್ಳಗೆ, ಒಣಗಿ, ಮುಟ್ಟಿದರೆ ಸೀಮೆಸುಣ್ಣದ ಹಾಗೆ ಪುಡಿಯಾಗುತ್ತದೆ, ಬೆಕ್ಕು ಟ್ರೇಯಲ್ಲಿ ಕೂತು ತಿಣುಕುತ್ತಿರುತ್ತದೆ. ಮೂಳೆ ಕಮ್ಮಿ, ಲಿವರ್ ಜಾಸ್ತಿಯಾದರೆ ಕಪ್ಪಗೆ, ತೆಳ್ಳಗೆ, ಕೆಟ್ಟ ವಾಸನೆ. ಲಿವರ್ ನೂರಕ್ಕೆ ಐದು ಭಾಗ ಇದ್ದರೆ ಸಾಕು, ಮೂಳೆ ಏಳರಿಂದ ಹತ್ತು ಭಾಗ. ಲಿವರ್ ಅಗ್ಗ ಅಂತ ದಿನಾ ಹಾಕುವವರನ್ನು ನೋಡಿದ್ದೇನೆ. ಭೇದಿ ಒಂದೇ ಅಲ್ಲ, ವಿಟಮಿನ್ ಎ ಮಿತಿಮೀರಿ ಕೊನೆಗೆ ಕತ್ತಿನ ಮೂಳೆಗಳು ಒಂದಕ್ಕೊಂದು ಬೆಸೆದುಕೊಳ್ಳುವ ತನಕ ಹೋಗುತ್ತದೆ. ಈ ಅಳತೆ ಸರಿಮಾಡಿ, ಹೊಸ ಮಾಂಸವಾದರೆ ವಾರ ಹತ್ತು ದಿನ ಹಳೆಯದರ ಜೊತೆ ಸ್ವಲ್ಪ ಸ್ವಲ್ಪ ಬೆರೆಸಿ ಕೊಟ್ಟರೆ ಎಷ್ಟೋ ಬೆಕ್ಕುಗಳ ಕಥೆ ಅಲ್ಲಿಗೇ ಮುಗಿಯುತ್ತದೆ. ಮಂಡಕ್ಕಿಯದು ಮುಗಿಯಲಿಲ್ಲ.

ಕೋಳಿಯಿಂದ ಶುರು ಮಾಡುತ್ತೇನೆ. ದಾವಣಗೆರೆಯಲ್ಲಿ ಹಸಿ ಮಾಂಸ ಹಾಕುವವರೆಲ್ಲ ಕೋಳಿಯಿಂದಲೇ ಶುರು ಮಾಡುವುದು, ಕಾರಣ ಗೊತ್ತೇ ಇದೆ. ಅಗ್ಗ, ಗಲ್ಲಿಗೊಂದು ಅಂಗಡಿ, ಕತ್ತು ರೆಕ್ಕೆ ಮೂಳೆ ಮೆತ್ತಗೆ, ಬೆಕ್ಕು ಕಟಕಟ ಅಂತ ಅಗಿದು ನುಂಗುತ್ತದೆ. ಹಸಿ ಮೂಳೆ ಮಾತ್ರ ಹೇಳುತ್ತಿದ್ದೇನೆ. ಬೇಯಿಸಿದ ಮೂಳೆ ಚೂಪಾಗಿ ಸೀಳುತ್ತದೆ, ಅದನ್ನು ಹಾಕಲೇಬಾರದು. ಫಾರಂ ಕೋಳಿ ಚರ್ಮದ ಕೆಳಗಿನ ಹಳದಿ ಕೊಬ್ಬು ತೆಗೆದಾಗ ಮಂಡಕ್ಕಿಯ ಕಕ್ಕ ಸ್ವಲ್ಪ ಗಟ್ಟಿಯಾಯಿತು, ನಿಜ. ವಾಂತಿ ನಿಲ್ಲಲಿಲ್ಲ, ಕೆರೆತವೂ ನಿಲ್ಲಲಿಲ್ಲ. ಅದೇ ಕೋಳಿಯನ್ನು ಮೂಳೆ ಬಿಡಿಸಿ ಬೇಯಿಸಿ ಕೊಟ್ಟರೂ ಅದೇ ಹಾಡು. ಇದು ಮುಖ್ಯ ಸುಳಿವು. ಕ್ರಿಮಿಯಿಂದ ಹೊಟ್ಟೆ ಕೆಡುತ್ತಿದ್ದರೆ ಬೇಯಿಸಿದಾಗ ವ್ಯತ್ಯಾಸ ಕಾಣಬೇಕು. ಅಲರ್ಜಿ ಇರುವುದು ಆ ಪ್ರಾಣಿಯ ಪ್ರೋಟೀನಿಗೆ, ಬೇಯಿಸಿದ ಮಾತ್ರಕ್ಕೆ ಅದು ಸಾಮಾನ್ಯವಾಗಿ ಹೋಗುವುದಿಲ್ಲ. ಹಾಗಾಗಿ ಪ್ರಾಣಿಯನ್ನೇ ಬದಲಾಯಿಸಬೇಕು. ಬೆಕ್ಕುಗಳಲ್ಲಿ ಅಲರ್ಜಿ ತರುವ ಪಟ್ಟಿಯ ಮೇಲ್ಭಾಗದಲ್ಲಿ ದನದ ಮಾಂಸ, ಮೀನು, ಕೋಳಿ ಇವೆ. ಅಂದರೆ ನಾವು ಬೆಕ್ಕಿಗೆ ಒಳ್ಳೆಯದು ಅಂದುಕೊಂಡು ಹಾಕುವ ಎರಡು ಅಲ್ಲೇ ಬಂದವು.

ಬದಲಿಗೆ ಬೆಕ್ಕು ಹಿಂದೆಂದೂ ತಿನ್ನದ ಮಾಂಸ ಬೇಕು. ಹೊರದೇಶದವರು ಮೊಲ, ಜಿಂಕೆ ಅನ್ನುತ್ತಾರೆ. ನಾವು ಅದಕ್ಕೆಲ್ಲ ಎಲ್ಲಿಗೆ ಹೋಗೋಣ? ನಮ್ಮ ಕಡೆ ಇರುವುದು ಕುರಿ. ಚಿತ್ರದುರ್ಗ, ಚಳ್ಳಕೆರೆ ಕಡೆಯ ಬಯಲಲ್ಲಿ ಕುರಿಗೆ ಬರವೇ ಇಲ್ಲ. ದುಬಾರಿ ಅನ್ನುವ ಕಾರಣಕ್ಕೇ ನಮ್ಮ ಬಹುತೇಕ ಬೆಕ್ಕುಗಳು ಅದರ ರುಚಿ ನೋಡಿರುವುದಿಲ್ಲ, ಅದೇ ಇಲ್ಲಿ ಅನುಕೂಲಕ್ಕೆ ಬರುತ್ತದೆ. ಅಂಗಡಿಯಲ್ಲಿ ಕುರಿಯೋ ಮೇಕೆಯೋ ಕೇಳಿ ತನ್ನಿ, ಎರಡಕ್ಕೂ ಮಟನ್ ಅಂತಲೇ ಹೇಳುತ್ತಾರೆ. ಒಂದನ್ನು ಹಿಡಿದರೆ ಪರೀಕ್ಷೆ ಮುಗಿಯುವ ತನಕ ಅದನ್ನೇ ಕೊಡಿ. ಪರೀಕ್ಷೆ ಅಂದರೆ ಕೆಲವು ವಾರ ಆ ಒಂದೇ ಮಾಂಸ ಹಾಕಿ ಲಕ್ಷಣ ಇಳಿಯುತ್ತದಾ ನೋಡುವುದು.

ನಿಟುವಳ್ಳಿಯ ಅಂಗಡಿಯವರು ಮೊದಲ ದಿನ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಬೆಕ್ಕಿಗೆ ಮಟನ್ ಏನಕ್ಕಾ? ನಮ್ಮನೇಲಿ ನಮಗೇ ವಾರಕ್ಕೊಂದ್ಸಲ!" ಅಂದರು. ತಪ್ಪೇನಿಲ್ಲ, ಕೋಳಿಗಿಂತ ಹತ್ತಿರಹತ್ತಿರ ಮೂರು ಪಟ್ಟು ರೇಟು. ಆದರೆ ಬೆಕ್ಕು ತಿನ್ನುವುದು ದಿನಕ್ಕೆ ಒಂದೂವರೆ ಹಿಡಿ. ತೊಡೆಯ ಭಾಗ ಕೇಳಿ, ಮೇಲಿನ ಬಿಳಿ ಕೊಬ್ಬು ಪೂರ್ತಿ ತೆಗೆಸಿ. ಕುರಿಯ ದೊಡ್ಡ ತೊಂದರೆ ಈ ಕೊಬ್ಬೇ. ತೆಗೆಯದೆ ಹಾಕಿದರೆ ಅದರಿಂದಲೇ ಭೇದಿಯಾಗಿ, ಕುರಿಯೂ ಆಗುವುದಿಲ್ಲ ಅಂತ ಸುಮ್ನೆ ಅಂದುಕೊಳ್ಳುತ್ತೀರಿ. ಜೊತೆಗೆ ಒಂದಿಷ್ಟು ಗುಂಡಿಗೆ ತನ್ನಿ. ಟಾರಿನ್ ಅನ್ನುವ ಅಂಶ ಅದರಲ್ಲಿ ಚೆನ್ನಾಗಿರುತ್ತದೆ, ಅದು ಕಮ್ಮಿಯಾದರೆ ಬೆಕ್ಕಿನ ಹೃದಯ, ಕಣ್ಣು ಎರಡೂ ಹಾಳಾಗುತ್ತವೆ. ಲಿವರ್ ಕೂಡ ಕುರಿಯದ್ದೇ ಇರಲಿ, ಒಂದು ಚೂರು.

ಕುರಿ ಮೂಳೆ ಕೊಡುವ ಹಾಗಿಲ್ಲ, ಗಟ್ಟಿ, ಹಲ್ಲು ಮುರಿಯುತ್ತದೆ. ಕ್ಯಾಲ್ಸಿಯಂಗೆ ಮೊಟ್ಟೆ ಚಿಪ್ಪು. ತೊಳೆದು, ಒಳಗಿನ ತೆಳು ಪೊರೆ ಸುಲಿದು, ಕಾವಲಿ ಮೇಲೆ ಸಣ್ಣ ಉರಿಯಲ್ಲಿ ಒಣಗಿಸಿ, ಮಿಕ್ಸಿಯಲ್ಲಿ ಮೈದಾ ಥರ ನುಣ್ಣಗೆ ಮಾಡಿ. ಒಂದು ಕಿಲೋ ಮೂಳೆಯಿಲ್ಲದ ಮಾಂಸಕ್ಕೆ ಒಂದು ಟೀ ಚಮಚ. ಪೊರೆ ಯಾಕೆ ತೆಗೆಯಬೇಕು ಅಂದರೆ ಅದೂ ಕೋಳಿಯಿಂದ ಬಂದ ಪ್ರೋಟೀನೇ, ಪರೀಕ್ಷೆ ನಡೆಯುವಾಗ ಅದೂ ಬೇಡ.

ಹೊಟ್ಟೆಯ ಲಕ್ಷಣ ಎರಡರಿಂದ ನಾಲ್ಕು ವಾರದಲ್ಲಿ ಇಳಿಯಬೇಕು. ಚರ್ಮದ ಕೆರೆತಕ್ಕೆ ಎಂಟು ವಾರ ಕಾಯಬೇಕು. ಅಷ್ಟು ದಿನ ಬೇರೆ ಒಂದು ತುಣುಕೂ ಬಾಯಿಗೆ ಹೋಗಬಾರದು, ಕಷ್ಟ ಇರುವುದೇ ಇಲ್ಲಿ. ಮೀನಿನ ಚಿತ್ರ ಹಾಕಿದ ಬಿಸ್ಕತ್ ಪ್ಯಾಕೆಟ್ಟಿನ ಹಿಂದೆ ಓದಿ ನೋಡಿ, ಎಷ್ಟೋ ಸಲ ಒಳಗೆ ಕೋಳಿ ಪುಡಿ ಇರುತ್ತದೆ. ಪಕ್ಕದ ಮನೆ ಅಜ್ಜಿಯದು ಇನ್ನೊಂದು. "ಅಜ್ಜಿ, ಹಾಲು ಹಾಕಬ್ಯಾಡ್ರಿ, ಅದಕ್ಕ ಹೊಟ್ಟೆ ಕೆಡ್ತದ" ಅಂದರೆ, "ಬೆಕ್ಕಿಗೆ ಹಾಲು ಹಾಕದ ಮತ್ತೇನ್ ಮೆಣಸಿನಕಾಯಿ ಬಜ್ಜಿ ಹಾಕ್ಲೇನವ್ವಾ?" ಅನ್ನುತ್ತಾರೆ. ದೊಡ್ಡ ಬೆಕ್ಕಿಗೆ ಹಾಲಿನ ಸಕ್ಕರೆ ಅರಗಿಸುವ ಶಕ್ತಿ ಕುಗ್ಗಿರುತ್ತದೆ ಅಂತ ಅವರಿಗೆ ತಿಳಿಸಿ ಹೇಳುವುದಕ್ಕಿಂತ ಹಿತ್ತಿಲ ಬಾಗಿಲು ಮುಚ್ಚುವುದು ಸುಲಭವಾಯಿತು.

ಕುರಿಯಲ್ಲಿ ಮಂಡಕ್ಕಿಯ ವಾಂತಿ ನಿಂತಿತು, ಕಕ್ಕ ಗಟ್ಟಿಯಾಯಿತು, ಕೊನೆಗೆ ಕಿವಿ ಹಿಂದೆ ಕೂದಲೂ ಬಂತು. ಆಮೇಲೆ ಬೇಕೆಂದೇ ಮತ್ತೆ ಕೋಳಿ ಕೊಟ್ಟು ನೋಡಿದೆ. ಹಳೆಯದೆಲ್ಲ ವಾಪಸ್ ಬಂತು. ಪಾಪ ಅನಿಸುತ್ತದೆ, ಆದರೆ ಈ ಹೆಜ್ಜೆ ಬಿಟ್ಟರೆ ಕೋಳಿಯೇ ಕಾರಣ ಅಂತ ಹೇಳಲು ಬರುವುದಿಲ್ಲ.

ಕ್ವೇಲ್ ನನಗೆ ಇಷ್ಟವಾದ ಮಾಂಸ. ಸಣ್ಣ ಹಕ್ಕಿ, ಮೂಳೆ ಮೆತ್ತಗೆ, ಇಡೀ ಹಕ್ಕಿ ಹಾಕಿದರೆ ಮೂಳೆ ಲೆಕ್ಕ ಹಾಕುವ ತಲೆನೋವು ಕಮ್ಮಿ. ಆದರೆ ಅದು ಕೋಳಿಯ ಕುಟುಂಬದ್ದೇ. ಕೋಳಿ ಆಗದ ಬೆಕ್ಕಿಗೆ ಇದೂ ಆಗದಿರಬಹುದು. ಮಂಡಕ್ಕಿಯ ಹೊಟ್ಟೆ ಸುಮಾರಾಗಿ ತಡೆದುಕೊಂಡಿತು, ಕೆರೆತ ಪೂರ್ತಿ ಹೋಗಲಿಲ್ಲ. ಊರಲ್ಲಿ ಬೇಕೆಂದಾಗ ಸಿಗುವುದೂ ಇಲ್ಲ.

ಮೀನನ್ನು ಈ ಸ್ಪರ್ಧೆಗೆ ಸೇರಿಸಲೇ ಇಲ್ಲ. ಹರಿಹರದ ಹೊಳೆ ಮೀನು, ಸೂಳೆಕೆರೆ ಮೀನು ತಾಜಾ ಸಿಗುತ್ತದೆ ಅಂತ ಹಸಿಯಾಗಿ ಹಾಕುವವರಿದ್ದಾರೆ. ಗೆಂಡೆ ಜಾತಿಯ ಮೀನಿನಲ್ಲಿ ವಿಟಮಿನ್ ಬಿ1 ಹಾಳುಮಾಡುವ ಕಿಣ್ವ ಇದೆ. ಬೇಯಿಸಿದರೆ ಅದು ಹೋಗುತ್ತದೆ. ಹಸಿಯಾಗಿ ದಿನಾ ಕೊಟ್ಟರೆ ಬೆಕ್ಕು ತೂರಾಡಲು ಶುರು ಮಾಡುತ್ತದೆ.

ಇನ್ನು ಹಸಿಯೋ ಬೇಯಿಸಿದ್ದೋ. ಅಲರ್ಜಿಗೆ ವ್ಯತ್ಯಾಸ ಕಾಣಲಿಲ್ಲ ಅಂದೆ. ಕ್ರಿಮಿಯ ವಿಷಯಕ್ಕೆ ಬಂದರೆ ಬೇಯಿಸಿದ್ದೇ ಮೇಲು, ಇದರಲ್ಲಿ ವಾದವೇ ಇಲ್ಲ. ಫ್ರೀಜರಿನಲ್ಲಿ ಮೈನಸ್ 20 ಡಿಗ್ರಿಯಲ್ಲಿ ಕೆಲವು ದಿನ ಇಟ್ಟರೆ ಟಾಕ್ಸೊಪ್ಲಾಸ್ಮಾದಂಥ ಪರಾವಲಂಬಿಗಳು ಸಾಯುತ್ತವೆ, ಸಾಲ್ಮೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಸಾಯುವುದಿಲ್ಲ, ಹಕ್ಕಿಜ್ವರದ ವೈರಸ್ಸೂ ಸಾಯುವುದಿಲ್ಲ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಸಾಕುಬೆಕ್ಕುಗಳಿಗೇ ಹಕ್ಕಿಜ್ವರ ಬಂದಿತ್ತು. ಆ ಸುದ್ದಿ ಓದಿದ ಮೇಲೆ ನಮ್ಮ ಮನೆಯಲ್ಲಿ ಹಸಿ ಕೋಳಿ, ಹಸಿ ಕ್ವೇಲ್ ಎರಡೂ ಬಂದ್. ಈಗ ಹಸಿ ಅಂದರೆ ಕುರಿ ಮಾತ್ರ, ಅದೂ ಏಪ್ರಿಲ್ ಬಿಸಿಲಿನಲ್ಲಿ ತಟ್ಟೆ ಇಟ್ಟು ಇಪ್ಪತ್ತು ನಿಮಿಷದೊಳಗೆ ಎತ್ತಿಬಿಡುತ್ತೇನೆ. ಮನೆಯಲ್ಲಿ ಬಸುರಿ, ಎಳೆ ಕೂಸು ಇದ್ದರೆ ಹಸಿಯ ಸಹವಾಸವೇ ಬೇಡ. ಬೇಯಿಸುವುದಾದರೆ ನೀರು ಚೆಲ್ಲಬೇಡಿ, ಟಾರಿನ್ ಅದರಲ್ಲೇ ಇಳಿದಿರುತ್ತದೆ. ಈರುಳ್ಳಿ, ಬೆಳ್ಳುಳ್ಳಿ ಹಾಕಬೇಡಿ, ಬೆಕ್ಕಿನ ರಕ್ತಕಣ ಒಡೆಯುತ್ತವೆ.

ಹೊಟ್ಟೆ ಕೆಟ್ಟ ದಿನ ಏನು ಕೊಡಬೇಕು? ಮೊಸರು ಎಲ್ಲರೂ ಹೇಳುವ ಮದ್ದು, ಮಂಡಕ್ಕಿಗೆ ಅದರಿಂದ ಒಂದಿಷ್ಟೂ ಉಪಯೋಗವಾಗಲಿಲ್ಲ. ಬೇಯಿಸಿ ಕಿವುಚಿದ ಸಿಹಿಕುಂಬಳ ಅರ್ಧ ಚಮಚ, ಇದು ಮೂಳೆ ಜಾಸ್ತಿಯಾಗಿ ಕಟ್ಟಿದಾಗ ಚೆನ್ನಾಗಿ ಕೆಲಸ ಮಾಡುತ್ತದೆ, ಭೇದಿಗೆ ಅಷ್ಟಕ್ಕಷ್ಟೆ. ಭೇದಿಗೆ ನಾನು ಕಂಡದ್ದರಲ್ಲಿ ಒಳ್ಳೆಯದು ಸ್ಯಾಕರೊಮೈಸಿಸ್ ಬೌಲಾರ್ಡಿ ಪುಡಿ. ಅದು ಯೀಸ್ಟ್, ಹಾಗಾಗಿ ಆಂಟಿಬಯಾಟಿಕ್ ಜೊತೆಗೂ ಬದುಕುತ್ತದೆ. ಅಳತೆ ಮಾತ್ರ ಡಾಕ್ಟರ್ ಹೇಳಿದ್ದು. ನಾಯಿಗೆ ಮಾಡುವ ಹಾಗೆ ಬೆಕ್ಕನ್ನು ಉಪವಾಸ ಕೆಡವಬೇಡಿ, ಎರಡು ಮೂರು ದಿನ ತಿನ್ನದಿದ್ದರೆ ಲಿವರಿನಲ್ಲಿ ಕೊಬ್ಬು ತುಂಬಿ ಪ್ರಾಣಕ್ಕೇ ಬರುತ್ತದೆ. ಮನೆಯಲ್ಲಿರುವ ಮಾತ್ರೆ ಯಾವುದೂ ಬೇಡ, ಪ್ಯಾರಾಸಿಟಮಾಲ್ ಅಂತೂ ಬೆಕ್ಕಿಗೆ ವಿಷ. ರಕ್ತ ಕಂಡರೆ, ಬಿಡದೆ ವಾಂತಿಯಾದರೆ, ಮರಿಯಾಗಿದ್ದರೆ, ಒಂದು ದಿನ ಪೂರ್ತಿ ಮೂಸಿ ನೋಡದಿದ್ದರೆ ಪಶು ಆಸ್ಪತ್ರೆಗೆ ಹೋಗಿ.

ಸದ್ಯಕ್ಕೆ ಗುಂಡನಿಗೆ ಬೇಯಿಸಿದ ಕೋಳಿ ಅಡುಗೆಮನೆಯಲ್ಲಿ, ಮಂಡಕ್ಕಿಗೆ ಕುರಿ ಹಿಂದಿನ ಕೋಣೆಯಲ್ಲಿ, ನಡುವೆ ಬಾಗಿಲು ಹಾಕಿ. ಮೊದಲು ತಿಂದು ಮುಗಿಸುವವನು ಗುಂಡ. ಹಾಗಾಗಿ ಅವನ ತಟ್ಟೆ ತೊಳೆದಿಟ್ಟ ಮೇಲೆಯೇ ಬಾಗಿಲು ತೆಗೆಯುವುದು.